ಹಿಂದಕ್ಕೊಂದು ಸುತ್ತು

ಎಲ್ಲ ಗೊತ್ತಿದ್ದೂ ಏನೂ ಹೊಳೆಯದ ಮನುಷ್ಯನೊಬ್ಬ ಕಾನೂನಿನ ಪುಸ್ತಕದಲ್ಲಿ ವಾಸವಾಗಿದ್ದಾನೆ ಎಂದು ವಕೀಲ ಶರತ್ ಹೇಳಿದ ದಿನದಿಂದ ರೇಣುಕಾಪ್ರಸಾದನಿಗೆ ಹುಣಸೂರಿನಲ್ಲಿ ಎಲ್ಲಿ ನೋಡಿದರೂ ಅವನೇ ಕಾಣುತ್ತಿದ್ದ. ಪೇಟೆಂಟ್ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವ ಅಧಿಕಾರಿ ಮೊದಲು ಈ ಮಹಾನುಭಾವನನ್ನು ಮನಸ್ಸಿಗೆ ತಂದುಕೊಳ್ಳಬೇಕಂತೆ. ಆ ಕಸುಬಿನಲ್ಲಿ ನುರಿತವನು, ಹಿಂದೆ ಯಾರು ಏನೇನು ಮಾಡಿದ್ದಾರೋ ಅದನ್ನೆಲ್ಲ ಬಲ್ಲವನು, ಆದರೆ ಸ್ವಂತ ಬುದ್ಧಿಯಿಂದ ಒಂದು ಹುಲ್ಲುಕಡ್ಡಿಯನ್ನೂ ಆಚೆಯಿಂದ ಈಚೆಗೆ ಇಡಲಾರದವನು. ಇಂಥವನಿಗೂ ಹೊಳೆಯಬಹುದಾದದ್ದು ಅಬ್ವಿಯಸ್. ಅದಕ್ಕೆ ಪೇಟೆಂಟ್ ಇಲ್ಲ. ಇವನಿಗೆ ಹೊಳೆಯಲಾರದ್ದು ಮಾತ್ರ ಆವಿಷ್ಕಾರ. ಈಗ ಕೋರ್ಟಿನ ಎದುರಿನ ಜೆರಾಕ್ಸ್ ಅಂಗಡಿಯ ಮೂಲೆಯಲ್ಲಿ ಮೇಜು ಹಾಕಿಕೊಂಡು, ಬನ್ನು ತಿಂದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಪ್ರಮಾಣಪತ್ರದ ಮೂರು ಹಾಳೆಗಳಿಗೂ ಮೊಹರು ಒತ್ತುತ್ತಿದ್ದ ನೋಟರಿ ಚಲುವರಾಜು ಅವನೇ. ಇಪ್ಪತ್ತು ವರ್ಷದಿಂದ ಒಂದೇ ಮೊಹರನ್ನು ಒಂದೇ ಓರೆಯಲ್ಲಿ ಒತ್ತುತ್ತಿದ್ದ. ಒಂದು ದಿನವಾದರೂ ನೆಟ್ಟಗೆ ಒತ್ತಿ ನೋಡೋಣ ಎಂದು ಆ ತಲೆಗೆ ಬಂದಿರಲಿಕ್ಕಿಲ್ಲ.

"ಸೈನ್ ಮಾಡೋರು ಎಲ್ಲಿ ಸಾರ್?" ಎಂದ ಚಲುವರಾಜು, ತಲೆ ಎತ್ತದೆ.

"ಬೆಟ್ಟದಪುರದ ಹತ್ರ ಇದಾಳೆ. ನಮ್ಮಣ್ಣನ ಹೊಗೆಸೊಪ್ಪು ಬೇಯಿಸೋ ಬ್ಯಾರನ್ನಿನಲ್ಲಿ ಆಳುಗಳಿಗೆ ಅಡುಗೆ ಮಾಡೋಳು."

"ಹೆಬ್ಬೆಟ್ಟಾ?"

"ಹೆಬ್ಬೆಟ್ಟೇ."

"ಹಂಗಾದ್ರೆ ಈ ಇಂಕ್ ಪ್ಯಾಡು ತಗೊಂಡೋಗಿ. ನನ್ನ ಎದುರಿಗೇ ಓದಿ ಹೇಳಿ, ಅರ್ಥ ಮಾಡ್ಸಿ ಒತ್ತಿಸ್ಕೊಂಡೆ ಅಂತ ಬರ್ದಿದೀನಿ. ಪ್ಯಾಡು ವಾಪಸ್ ತಂದ್ಕೊಡಿ, ಮರೀಬೇಡಿ."

ಸುಳ್ಳಿಗೆ ಮೊಹರು ಒತ್ತಿದವನು ಪ್ಯಾಡಿನ ವಿಷಯದಲ್ಲಿ ಇಷ್ಟು ನಿಯತ್ತಿನವನಾಗಿದ್ದ. ರೇಣುಕಾಪ್ರಸಾದ ಹಾಳೆಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಪ್ಯಾಡನ್ನು ಜೇಬಿಗೆ ತುರುಕಿಕೊಂಡು ಹೊರಗೆ ಬಂದ. ಜೇಬಿನಲ್ಲಿ ಅದು ತೊಡೆಗೆ ಒತ್ತುತ್ತಿತ್ತು. ನಾಳೆ ಸಂಜೆಯೊಳಗೆ ಈ ಹಾಳೆಗಳು ಚೆನ್ನೈನ ಪೇಟೆಂಟ್ ಕಚೇರಿಗೆ ಹೋಗದಿದ್ದರೆ ಅವನ ಯಂತ್ರ ಅವನದಾಗಿ ಉಳಿಯುವುದಿಲ್ಲ.

ಯಂತ್ರ ಎಂದರೆ ಮುದ್ದೆ ತಿರುವುವ ಯಂತ್ರ. ಹಾಸ್ಟೆಲ್ಲು, ಛತ್ರ, ಹೋಟೆಲುಗಳಿಗೆಂದು ಮಾಡಿದ್ದು. ಒಂದು ಸಲಕ್ಕೆ ಇನ್ನೂರು ಮುದ್ದೆಯ ಹಿಟ್ಟು. ಅದಕ್ಕೂ ಮೊದಲು ಪೇಟೆಯಲ್ಲಿ ಸಿಗುತ್ತಿದ್ದ ಯಂತ್ರಗಳಲ್ಲೆಲ್ಲ ಪಾತ್ರೆ ನಿಂತಿರುತ್ತಿತ್ತು, ಕೋಲು ತಿರುಗುತ್ತಿತ್ತು. ಹಿಟ್ಟು ಗಟ್ಟಿಯಾದ ಕೂಡಲೇ ಮೋಟಾರು ಏದುಸಿರು ಬಿಟ್ಟು ಕೋಲು ಬಾಗುತ್ತಿತ್ತು. ರೇಣುಕಾಪ್ರಸಾದನ ಯಂತ್ರದಲ್ಲಿ ಕೋಲು ನಿಂತಿರುತ್ತದೆ, ಪಾತ್ರೆ ತಿರುಗುತ್ತದೆ. ಅಷ್ಟೇ. ಈ ಅಷ್ಟೇ ಎಂಬುದನ್ನು ಶರತ್ ಇಂಗ್ಲಿಷಿನಲ್ಲಿ ಇಪ್ಪತ್ತೆರಡು ಪುಟ ಮಾಡಿದ್ದ. ಕೊಯಮತ್ತೂರಿನ ಕಡೆಯ ಒಂದು ಗ್ರೈಂಡರ್ ಕಂಪನಿ ನಲವತ್ತು ಪುಟದ ತಕರಾರು ಹಾಕಿತ್ತು. ನಮ್ಮ ಹಿಟ್ಟಿನ ಗ್ರೈಂಡರಿನಲ್ಲಿ ಐವತ್ತು ವರ್ಷದಿಂದ ಗುಂಡುಕಲ್ಲು ನಿಂತೇ ಇದೆ, ಪಾತ್ರೆ ತಿರುಗುತ್ತಲೇ ಇದೆ. ಕಲ್ಲು ತೆಗೆದು ಅಲ್ಲಿ ಮುದ್ದೆಕೋಲು ನಿಲ್ಲಿಸುವುದು ಯಾವ ಸಾಧಾರಣ ಮನುಷ್ಯನಿಗೂ ಹೊಳೆಯುವಂಥದ್ದು, ಇದರಲ್ಲಿ ಬುದ್ಧಿಯ ಕೆಲಸ ಏನಿದೆ ಎಂದು. ಸಾಧಾರಣ ಮನುಷ್ಯ. ಆ ಎರಡು ಪದದ ಕೆಳಗೆ ರೇಣುಕಾಪ್ರಸಾದ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, ಅದು ಸಾಲದೆಂದು ಇನ್ನೊಂದು ಗೆರೆ ಎಳೆದಿದ್ದ. ಹೆಂಡತಿ ಶಾಂಭವಿ ಕಾಫಿ ತಂದಿಟ್ಟವಳು ಬಗ್ಗಿ ಓದಿ, ತಿಳಿದಷ್ಟು ತಿಳಿದುಕೊಂಡು, ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಿದ್ದಳು. "ಅಂಗೈ ಹುಣ್ಣಿಗೆ ಕನ್ನಡಿ ಯಾಕ್ರೀ? ಇದಕ್ಕೆ ನಲವತ್ತು ಪುಟ ಬೇಕಿತ್ತಾ? ನನ್ನ ಕೇಳಿದ್ರೆ ನಾನೇ ಹೇಳ್ತಿದ್ನಲ್ಲ." ಹೇಳಬೇಕಿತ್ತು ಅವಳು. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಕುಕ್ಕರಿನ ಸೀಟಿ ಎಷ್ಟು ಸಲ ಕೂಗಿತೆಂದು ಎಣಿಸಲಾರದವಳು, ಮುಗಿದ ಮೇಲೆ ಹೇಳಲು ಬಂದಳು. ಮಾಡಿಟ್ಟ ಮೇಲೆ ಎಲ್ಲರಿಗೂ ಹೊಳೆಯುತ್ತದೆ. ಕಾಫಿ ಆರಿಹೋಗಿತ್ತು, ಆ ತಪ್ಪನ್ನೂ ಅವಳ ಮೇಲೆ ಹಾಕಿ ಕೂಗಾಡಿದ್ದ.

ಕಾರು ಊರು ದಾಟಿ ಬೆಟ್ಟದಪುರದ ರಸ್ತೆ ಹಿಡಿಯಿತು. ಎರಡೂ ಕಡೆ ಹೊಗೆಸೊಪ್ಪು, ಕೆಳಗಿನ ಎಲೆ ಮುರಿದು ಬೋಳಾದ ಕಾಲುಗಳ ಮೇಲೆ ನಿಂತಿತ್ತು. ಇಡೀ ತಾಲ್ಲೂಕಿಗೆ ಒಬ್ಬ ಎಂದೋ ತೋರಿಸಿಕೊಟ್ಟ, ಎಲ್ಲರೂ ಅದನ್ನೇ ಹಾಕಿದರು. ಒಬ್ಬ ಶುಂಠಿಗೆ ಹೋದ, ಮರುವರ್ಷ ಎಲ್ಲರ ಹೊಲದಲ್ಲೂ ಶುಂಠಿ. ಕುರಿಗಳಿಗಾದರೂ ಮುಂದಿನ ಕುರಿ ಹಳ್ಳಕ್ಕೆ ಬಿದ್ದರೆ ಒಂದು ಕ್ಷಣ ಅನುಮಾನ ಬರುತ್ತದೆ. ಅವನ ವರ್ಕ್‌ಶಾಪಿನ ಬೀದಿಯಲ್ಲೇ ಏಳು ವರ್ಕ್‌ಶಾಪುಗಳಿದ್ದವು, ಏಳರಲ್ಲೂ ಒಂದೇ ನಮೂನೆಯ ಗೇಟು, ಗೇಟಿನ ಮೇಲೆ ಒಂದೇ ನವಿಲು. ಆ ಏಳು ಜನ ಸೇರಿ ಅವನಿಗೆ ಮುದ್ದೆ ಪ್ರಸಾದ ಎಂದು ಹೆಸರಿಟ್ಟಿದ್ದರು. ಮದುವೆಮನೆಯಲ್ಲಿ ಊಟಕ್ಕೆ ಕೂತರೆ "ಪ್ರಸಾದಣ್ಣ, ಇದು ಕೈಯಲ್ಲಿ ಕಟ್ಟಿದ ಮುದ್ದೆ ತಾನೆ? ನಿಮ್ ಮಿಷಿನ್ದಾದ್ರೆ ಮೊದ್ಲೇ ಹೇಳ್ಬುಡಿ, ಹಲ್ಲು ಹುಷಾರಾಗಿ ಇಟ್ಕೊತೀವಿ" ಎನ್ನುತ್ತಿದ್ದರು. ಅದೊಂದು ನಿಜವಾದ ಹುಣ್ಣು. ಅವನ ಯಂತ್ರದ ಮುದ್ದೆಯಲ್ಲಿ ಗಂಟು ನಿಲ್ಲುತ್ತಿತ್ತು. ನುಣ್ಣಗೆ ನುಂಗಬೇಕಾದ ಮುದ್ದೆಯ ಒಳಗೆ ಕಡಲೆಕಾಳಿನಷ್ಟು ಹಸಿಹಿಟ್ಟು, ಮುರಿದರೆ ಬೆಳ್ಳಗೆ ಪುಡಿ. ಕೋಲಿನ ದಪ್ಪ ಬದಲಿಸಿದ, ವೇಗ ಇಳಿಸಿದ, ಏರಿಸಿದ, ನೀರು ಹೆಚ್ಚು ಮಾಡಿದ. ಮೂರು ವರ್ಷ. ಮಾರಿದ ಹನ್ನೊಂದರಲ್ಲಿ ಐದು ವಾಪಸು ಬಂದು ವರ್ಕ್‌ಶಾಪಿನ ಹಿಂದೆ ತಾಡಪಾಲಿನ ಕೆಳಗೆ ನಿಂತಿದ್ದವು. ಆದರೂ ಪ್ರತಿಯೊಂದರ ಹೊಟ್ಟೆಯ ಮೇಲೂ ಹಿತ್ತಾಳೆಯ ತಗಡಿನಲ್ಲಿ ಅವನ ಹೆಸರಿತ್ತು, ಹೆಸರಿನ ಕೆಳಗೆ ಪೇಟೆಂಟ್ ಅರ್ಜಿಯ ನಂಬರಿತ್ತು. ಆ ನಂಬರನ್ನು ಅವನು ತನ್ನ ಮಗಳು ಐಶ್ವರ್ಯಳ ಹುಟ್ಟಿದ ದಿನಕ್ಕಿಂತ ಚೆನ್ನಾಗಿ ನೆನಪಿಟ್ಟುಕೊಂಡಿದ್ದ.

ಅಪ್ಪ ಪುಟ್ಟಮಲ್ಲಪ್ಪ ಬದುಕಿದ್ದರೆ ತೋರಿಸಬಹುದಿತ್ತು. ತೋರಿಸಿದ್ದರೆ ಏನು ಹೇಳುತ್ತಿದ್ದರು ಎಂಬುದೂ ಗೊತ್ತಿತ್ತು. ಹತ್ತನೇ ಕ್ಲಾಸಿನ ಮೇಷ್ಟರು ಮನೆಗೆ ಬಂದು ಜಗಲಿಯ ಮೇಲೆ ಕೂತಾಗ, ಅಪ್ಪ ಎಲೆಯಡಿಕೆ ತಟ್ಟೆ ಅವರ ಕಡೆ ಸರಿಸುತ್ತಾ, "ನಮ್ ದೊಡ್ಡೋನು ಬಸವಪ್ರಸಾದ ಹೆಂಗಾದ್ರೂ ಬದುಕ್ತಾನೆ ಮೇಷ್ಟ್ರೇ. ಇವನು ಹೇಳಿದ್ದು ಮಾಡ್ತಾನೆ, ತೋರ್ಸಿದ್ದು ಕಲೀತಾನೆ. ಆದ್ರೆ ತಂತಾನೇ ಏನೂ ಹೊಳ್ಯಲ್ಲ" ಎಂದಿದ್ದರು. ಬೈದದ್ದಲ್ಲ. ಬೈದಿದ್ದರೆ ಮರೆಯಬಹುದಿತ್ತು. ಹಸು ಎಷ್ಟು ಹಾಲು ಕೊಡುತ್ತದೆ ಎಂದು ಹೇಳುವ ದನಿಯಲ್ಲಿ ಹೇಳಿದ್ದರು. ನೀರಿನ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದ ರೇಣುಕಾಪ್ರಸಾದ ಚೊಂಬನ್ನು ಮೇಷ್ಟರ ಮುಂದೆ ಇಟ್ಟು ಒಳಗೆ ಹೋಗಿದ್ದ. ಹೇಳಿದ್ದನ್ನು ಮಾಡುವವನು ತಾನೆ. ಕಾನೂನಿನ ಪುಸ್ತಕದ ಆ ಮನುಷ್ಯನ ವಿಚಾರ ಶರತ್ ಮೈಸೂರಿನ ತನ್ನ ಆಫೀಸಿನಲ್ಲಿ, ಏಸಿ ಹಾಕಿ, ಮೊದಲ ಸಲ ವಿವರಿಸಿದಾಗ ರೇಣುಕಾಪ್ರಸಾದನಿಗೆ ಎಲೆಯಡಿಕೆಯ ವಾಸನೆ ಬಂದಂತಾಗಿತ್ತು. ಅವನು ಜೋರಾಗಿ ನಕ್ಕಿದ್ದ. ಶರತ್ ಕೂಡ, ಕಕ್ಷಿದಾರ ನಕ್ಕರೆ ನಗಬೇಕೆಂದು, ನಕ್ಕಿದ್ದ.

ಶರತನ ಉಪಾಯ ಸರಳವಾಗಿತ್ತು. ಕಂಪನಿಯವರು ಸಾಧಾರಣ ಮನುಷ್ಯ ಎನ್ನುತ್ತಾರಲ್ಲವೆ, ಹಾಗಾದರೆ ಅಂಥವನೊಬ್ಬನನ್ನು ನಾವೇ ತಂದು ನಿಲ್ಲಿಸೋಣ. "ಮೂವತ್ತು ವರ್ಷ ನೂರಾರು ಜನಕ್ಕೆ ಮುದ್ದೆ ಮಾಡಿರೋರು ಯಾರಾದ್ರೂ ಬೇಕು ಸಾರ್. ಈ ಕಸುಬಿನಲ್ಲಿ ನುರಿತೋರು ಅಂದ್ರೆ ಅವರೇ, ಕೊಯಮತ್ತೂರಿನ ಎಂಜಿನಿಯರ್ ಅಲ್ಲ. ಇಷ್ಟು ವರ್ಷದಲ್ಲಿ ಪಾತ್ರೆ ತಿರುಗಿಸಬಹುದು ಅಂತ ತಮಗೆ ಯಾವತ್ತೂ ಹೊಳೆದಿರಲಿಲ್ಲ ಅಂತ ಅವರು ಪ್ರಮಾಣ ಮಾಡಿಬಿಟ್ಟರೆ ನಮ್ಮ ಕೈ ಮೇಲಾಯ್ತು. ಯಾರಾದ್ರೂ ಇದಾರಾ?" ಹುಣಸೂರು ಒಂದರಲ್ಲೇ ಮುದ್ದೆ ಹೋಟೆಲು ಹದಿನೈದಿದ್ದವು; ಹಾಸ್ಟೆಲುಗಳ ಭಟ್ಟರು ಇದ್ದರು; ಮಠದ ದಾಸೋಹದಲ್ಲಿ ದಿನಾ ಮುದ್ದೆ ತಿರುವುವ ಹುಚ್ಚಯ್ಯ ಇದ್ದ, ಇನ್ನೂರು ರೂಪಾಯಿಗೆ ತನ್ನಪ್ಪನೇ ಹುಟ್ಟಿರಲಿಲ್ಲ ಎಂದು ಪ್ರಮಾಣ ಮಾಡುವವನು. ಆದರೆ ರೇಣುಕಾಪ್ರಸಾದನ ಬಾಯಿಂದ ತಟ್ಟನೆ ಬಂದದ್ದು ಚಿಕ್ಕಮಾದಮ್ಮನ ಹೆಸರು. ಅವಳಷ್ಟು ಚೆನ್ನಾಗಿ ಮುದ್ದೆ ಮಾಡುವವರು ಸುತ್ತಿನಲ್ಲಿ ಇಲ್ಲ ಎಂದು ಅವನು ಕಾರಣ ಕೊಟ್ಟ. ಅವಳ ಮುದ್ದೆಯನ್ನು ಅವನು ಜನ್ಮದಲ್ಲಿ ತಿಂದವನಲ್ಲ. ಅವನ ಮನೆಯವರು ಅವಳ ಕೈಯ ನೀರು ಕುಡಿಯುವವರೂ ಅಲ್ಲ.

ಇಡೀ ಲೋಕದಲ್ಲಿ ಮುದ್ದೆಗೆ ಪಾತ್ರೆ ತಿರುಗಿಸುವುದು ಹೊಳೆದಿದ್ದವಳು ಅವಳೊಬ್ಬಳೇ. ಇದು ರೇಣುಕಾಪ್ರಸಾದನಿಗೆ ಗೊತ್ತಿತ್ತು. ಮೂರು ವರ್ಷದ ಹಿಂದೆ ಇಂಥದೇ ಒಂದು ಮಧ್ಯಾಹ್ನ, ಅಣ್ಣನ ಬ್ಯಾರನ್ನಿನ ಒಲೆಬಾಗಿಲು ರಿಪೇರಿಗೆಂದು ಹೋಗಿದ್ದವನು, ಒಂದಕ್ಕೆ ಹೋಗಲು ಹಿಂದುಗಡೆಗೆ ಹೋಗಿ ಅವಳನ್ನು ನೋಡಿದ್ದ. ಬ್ಯಾರನ್ನಿನ ಅಟ್ಟದಿಂದ ಬಿದ್ದು ಅವಳ ಬಲಭುಜ ಕೆಲಸಕ್ಕೆ ಬಾರದಂತಾಗಿತ್ತು. ಮುದ್ದೆ ತಿರುವುವವರು ದಬರಿ ಅಲ್ಲಾಡದ ಹಾಗೆ ಕವೆಗೋಲಿನಿಂದ ಒತ್ತಿ ಹಿಡಿದು, ಎರಡು ಕೈಯಲ್ಲೂ ಕೋಲು ಹಿಡಿದು, ಮೈಭಾರವನ್ನೆಲ್ಲ ಹಾಕಿ ತಿರುವಬೇಕು. ಒಂಟಿಗೈಗೆ ಅದು ಆಗದ ಮಾತು. ಅವಳು ಕೋಲಿನ ಮೇಲ್ತುದಿಯನ್ನು ಚಪ್ಪರದ ಕಂಬಕ್ಕೆ ಹಗ್ಗದಿಂದ ಬಿಗಿದು ಕಟ್ಟಿ, ಕುದಿಯುವ ದಬರಿಯನ್ನು ಒದ್ದೆ ಮರಳಿನ ಮೇಲೆ ಕೂರಿಸಿ, ಗೋಣಿಚೂರು ಸುತ್ತಿದ ಕಾಲಿನಿಂದ ದಬರಿಯ ಒಂದು ಕಿವಿಯನ್ನು ತಳ್ಳುತ್ತಾ, ಎಡಗೈಯಿಂದ ಇನ್ನೊಂದು ಕಿವಿಯನ್ನು ಎಳೆಯುತ್ತಾ, ದಬರಿಯನ್ನೇ ತಿರುಗಿಸುತ್ತಿದ್ದಳು. ಅವನು ಇಪ್ಪತ್ತು ಹೆಜ್ಜೆ ದೂರದಲ್ಲಿ, ಹುಣಸೆಮರದ ಮರೆಯಲ್ಲಿ, ಪ್ಯಾಂಟಿನ ಜಿಪ್ಪು ಹಾಕಿಕೊಳ್ಳುವುದನ್ನೂ ಮರೆತು ನಿಂತುಬಿಟ್ಟ. ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು. ಅಷ್ಟು ಸಾಕಾಗಿತ್ತು. ಮರೆತುಹೋಗುತ್ತದೆಂಬ ಭಯದಿಂದಲೋ, ಬೇರೆ ಯಾರಾದರೂ ನೋಡಿಬಿಟ್ಟಾರೆಂಬ ಭಯದಿಂದಲೋ, ಕಾರಿಗೆ ಓಡಿ ಅಣ್ಣನ ಹೊಗೆಸೊಪ್ಪಿನ ಹರಾಜು ಚೀಟಿಯ ಹಿಂದುಗಡೆ ಚಿತ್ರ ಬರೆದ. ಬರೆಯುತ್ತಾ ಬರೆಯುತ್ತಾ ಚಪ್ಪರ ಹೋಯಿತು, ಕಂಬ ಹೋಯಿತು, ಗೋಣಿಚೂರಿನ ಕಾಲೂ ಹೋಯಿತು. ಮನೆ ಸೇರುವ ಹೊತ್ತಿಗೆ ಅದು ಅವನ ತಲೆಯಿಂದಲೇ ಹುಟ್ಟಿತ್ತು. ಅಪ್ಪ ಹೇಳಿದ್ದು ಸುಳ್ಳಾಯಿತು ಎಂಬ ಸಂತೋಷದಲ್ಲಿ ಆ ರಾತ್ರಿ ಅವನಿಗೆ ನಿದ್ದೆ ಬಂದಿರಲಿಲ್ಲ.

ಇದನ್ನು ಶರತನಿಗೆ ಹೇಳುವ ಅಗತ್ಯವಿರಲಿಲ್ಲ. ಆದರೆ ಹೋದ ತಿಂಗಳು ಅಣ್ಣ ಫೋನಿನಲ್ಲಿ ಮಾತಿನ ನಡುವೆ, "ಯಾರೋ ಕೊಯಮತ್ತೂರಿನ ಕಡೆಯೋನು ಕಾರಿನಲ್ಲಿ ಬಂದಿದ್ದ ಕಣೋ, ಈ ಕಡೆ ದಬರಿ ತಿರುಗ್ಸಿ ಮುದ್ದೆ ಮಾಡೋರು ಯಾರಾದ್ರೂ ಅವ್ರಾ ಅಂತ ಕೇಳ್ತಿದ್ದ. ನಂಗೇನ್ ಗೊತ್ತು, ಅಡುಗೆ ಕಡೆ ನಾನ್ಯಾಕೆ ಹೋಗ್ಲಿ ಅಂದೆ" ಎಂದಿದ್ದ. ಅಂದಿನಿಂದ ರೇಣುಕಾಪ್ರಸಾದನಿಗೆ ಅನ್ನ ಸೇರುತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ದಡ್ಡ. ಜಾಣನಾದವನು ಹೊಲದ ಒಡೆಯನಿಂದಲೇ ಇದು ನನ್ನ ಕಾಯಲ್ಲ ಎಂದು ಬರೆಸಿಕೊಳ್ಳಬೇಕು. ಈ ಜಾಣತನ ತನ್ನದೇ ಎಂಬುದರಲ್ಲಿ ಮಾತ್ರ ಅವನಿಗೆ ಯಾವ ಅನುಮಾನವೂ ಇರಲಿಲ್ಲ. ಅದನ್ನು ಯಾರಿಂದಲೂ ನೋಡಿ ಕಲಿತಿರಲಿಲ್ಲ. ಸ್ಟೇರಿಂಗ್ ಹಿಡಿದ ಕೈ ಬೆವೆತದ್ದನ್ನು ಶರ್ಟಿಗೆ ಒರೆಸಿಕೊಳ್ಳುವಾಗ, ಬನ್ನಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ ಚಲುವರಾಜು ನೆನಪಾಗಿ ಅಸಹ್ಯವಾಯಿತು.

ಅಣ್ಣ ಹರಾಜು ಮಾರುಕಟ್ಟೆಗೆ ಹೋಗಿರುತ್ತಾನೆಂದು ಲೆಕ್ಕ ಹಾಕಿಯೇ ಈ ಹೊತ್ತು ಆರಿಸಿಕೊಂಡಿದ್ದ. ಬ್ಯಾರನ್ನಿನ ಮುಂದಿನ ಚಪ್ಪರದಲ್ಲಿ ಆರೇಳು ಹೆಂಗಸರು ಕಾಲು ಚಾಚಿ ಕೂತು ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದರು. ಕಾರು ನೋಡಿ ಮಾತು ನಿಲ್ಲಿಸಿದರು, ಅವನು ದಾಟಿದ ಮೇಲೆ ಯಾರೋ ಕಿಸಕ್ಕನೆ ನಕ್ಕರು. ಗೋಡೆಯ ಪಕ್ಕದಲ್ಲಿ ಅವನ ಯಂತ್ರವಿತ್ತು. ಮೊದಲನೆಯದು, ಅಣ್ಣನಿಗೆ ಬಿಟ್ಟಿಯಾಗಿ ಕೊಟ್ಟದ್ದು. ಅದರ ಮೇಲೆ ಖಾಲಿ ಕಡ್ಡಿಗಳನ್ನು ಒಟ್ಟಿದ್ದರು. ಪಾತ್ರೆಯೊಳಗೆ ಗೋಣಿಚೀಲ ಹಾಸಿ ಕೋಳಿಯೊಂದನ್ನು ಕಾವಿಗೆ ಕೂರಿಸಿದ್ದರು. ಕೋಳಿ ಕತ್ತು ಓರೆ ಮಾಡಿ ಅವನನ್ನು ನೋಡಿತು. ಹಿತ್ತಾಳೆ ತಗಡಿನ ಮೇಲೆ ಅದು ಹಾಕಿದ ಪಿಕ್ಕೆ ಒಣಗಿ, ಅವನ ಹೆಸರಿನ ಮೊದಲರ್ಧ ಮುಚ್ಚಿಹೋಗಿ ಬರೀ ಪ್ರಸಾದ ಉಳಿದಿತ್ತು. ಕೋಳಿಯ ಕತ್ತು ಹಿಸುಕಬೇಕೆನ್ನಿಸಿತು, ಅಣ್ಣನ ಕತ್ತನ್ನೂ. ಕರ್ಚೀಪು ತೆಗೆದು ಒರೆಸಲು ಹೋದವನು, ಹೆಂಗಸರು ನೋಡುತ್ತಿದ್ದಾರೆಂದು ಅದರಲ್ಲೇ ಹಣೆ ಒರೆಸಿಕೊಂಡು ಹಿಂದುಗಡೆಗೆ ನಡೆದ.

ಚಿಕ್ಕಮಾದಮ್ಮ ಮುದ್ದೆ ಕಟ್ಟಿ ಮುಗಿಸಿ, ಅಗಲವಾದ ಬುಟ್ಟಿಯಲ್ಲಿ ಒದ್ದೆಬಟ್ಟೆ ಮುಚ್ಚಿಟ್ಟು, ದಬರಿಗೆ ನೀರು ಹಾಕುತ್ತಿದ್ದಳು. ಕೋಲು ಇನ್ನೂ ಕಂಬಕ್ಕೆ ಕಟ್ಟಿಕೊಂಡೇ ಇತ್ತು. ಮೂರು ವರ್ಷದಲ್ಲಿ ಹಗ್ಗ ತಿಕ್ಕಿ ತಿಕ್ಕಿ ಕಂಬದಲ್ಲಿ ಕಚ್ಚು ಬಿದ್ದಿತ್ತು. ಯಾವ ಅಧಿಕಾರಿ ಬಂದು ನೋಡಿದರೂ ಆ ಕಚ್ಚೊಂದೇ ಸಾಕಾಗಿತ್ತು.

"ಓ, ಬುದ್ದಿಯೋರು" ಎಂದು ಅವಳು ಎದ್ದು ನಿಂತಳು. "ದೊಡ್ ಬುದ್ದಿಯೋರು ಮಾರ್ಕೆಟ್ಗೆ ಓಗವ್ರಲ್ಲ."

"ನಿನ್ನ ನೋಡೋಕೇ ಬಂದೆ, ಚಿಕ್ಕಮಾದಮ್ಮ."

ಇಷ್ಟು ವರ್ಷ ಅವಳನ್ನು ಮಾದಿ ಎಂದೇ ಕರೆದಿದ್ದ. ಪೂರ್ತಿ ಹೆಸರು ಕೇಳಿ ಅವಳು ತನಗೆ ಏನೋ ಕಾದಿದೆ ಎಂಬಂತೆ ಸೆರಗಿಗೆ ಕೈ ಒರೆಸಿಕೊಂಡು ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ಅವನು ಹಾಳೆಗಳನ್ನು ತೆಗೆದ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ: ಮಿಷಿನ್ನು ಚೆನ್ನಾಗಿದೆ ಅಂತ ಬರೆದಿದೆ, ನೀನು ನೋಡಿದೀಯ ತಾನೆ, ಇಲ್ಲೊಂದು ಹೆಬ್ಬೆಟ್ಟು ಒತ್ತು. ಇಷ್ಟಕ್ಕೆ ಅವಳು ಒತ್ತಿಬಿಡುತ್ತಿದ್ದಳು. ಕೇಳುವ ಅಭ್ಯಾಸವೇ ಇಲ್ಲದ ಜನ. ಆದರೆ ಅವಳು ಕೇಳಿದಳು.

"ಏನಂತ ಬರ್ದೈತೆ ಬುದ್ದಿ?"

ಜೋಡಿಸಿಕೊಂಡ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಯಾಕೆ ನಿಂತಿತೋ ಅವನಿಗೆ ಆಮೇಲೂ ತಿಳಿಯಲಿಲ್ಲ. ಅವಳ ಮುಖದಲ್ಲಿ ಒಂದು ಸಲ ಸಿಟ್ಟನ್ನು ನೋಡಬೇಕೆಂಬ ಆಸೆ ಇರಬಹುದು. ಅವಳು ಸಿಟ್ಟಾಗಿ, ಇದು ನಂದು ಎಂದಿದ್ದರೆ ಅವಳನ್ನು ನೆಮ್ಮದಿಯಾಗಿ ದ್ವೇಷಿಸಬಹುದಿತ್ತು.

"ದಬರಿ ತಿರುಗಿಸಿ ಮುದ್ದೆ ಮಾಡಬಹುದು ಅಂತ ನಿನಗೆ ಯಾವತ್ತೂ ಹೊಳೆದಿರಲಿಲ್ಲ, ನನ್ನ ಮಿಷಿನ್ನು ನೋಡಿದ ಮೇಲೇ ಗೊತ್ತಾಗಿದ್ದು ಅಂತ ಬರೆದಿದೆ."

ಅವಳು ಕಂಬದ ಕಡೆ ನೋಡಿದಳು. ಕೋಲಿನ ಕಡೆ ನೋಡಿದಳು. 

"ದಿಟವೇಯ" ಎಂದಳು ಅವಳು. "ನಂಗೆಲ್ಲಿ ಒಳೀತದೆ? ಭುಜ ಬಿದ್ದೋಗ್ದೆ ಇದ್ದಿದ್ರೆ ನಾನೂವೆ ಎಲ್ರಂಗೆ ಕೋಲ್ನೇ ತಿರುವ್ತಿದ್ದೆ. ಅದು ಒಳೆದದ್ದಲ್ಲ ಬುದ್ದಿ. ಕೈ ಆಗ್ದೆ ಓಗಿದ್ಕೆ ಮಾಡ್ಕಂಡದ್ದು. ನಿಮ್ ಮಿಸಿನ್ನು ಬಂದಾಗ ನಮ್ ಉಡ್ಗೀರು, ಇದೂ ನಿನ್ನಂಗೇ ತೊಳಸ್ತದೆ ಕಣಮ್ಮೋ, ಇದ್ಕೂ ಭುಜ ಬಿದ್ದೋಗದೇನೋ ಅಂತ ನಗಾಡಿದ್ರು."

ಅವನು ಪ್ಯಾಡು ತೆಗೆದು ಮುಚ್ಚಳ ಬಿಚ್ಚಿದ. ಅವಳು ತಲೆ ಅಲ್ಲಾಡಿಸಿದಳು. "ಎಬ್ಬೆಟ್ಟು ಬ್ಯಾಡಿ. ಎಂಗಸ್ರ ಸಂಗದಲ್ಲಿ ಸೈನು ಕಲ್ಸವ್ರೆ." ಎಡಗೈಯಲ್ಲಿ ಪೆನ್ನು ಹಿಡಿದು, ಬ್ಯಾರನ್ನಿನ ಗೋಡೆಗೆ ಹಾಳೆ ಒತ್ತಿಕೊಂಡು, ಒಂದೊಂದೇ ಅಕ್ಷರವನ್ನು ಕೂರಿಸಿ ಕೂರಿಸಿ ತನ್ನ ಹೆಸರನ್ನು ಮೂರು ಕಡೆ ಬರೆದಳು. ಹೆಬ್ಬೆಟ್ಟಿಗೆಂದು ಶರತ್ ಬಿಟ್ಟಿದ್ದ ಚೌಕದಲ್ಲಿ ಹೆಸರು ಹಿಡಿಸಲಿಲ್ಲ; ಕೊನೆಯ ಅಕ್ಷರ ಚಲುವರಾಜುವಿನ ಓರೆ ಮೊಹರಿನ ಮೇಲೆ ಹತ್ತಿ ನಿಂತಿತು. ರೇಣುಕಾಪ್ರಸಾದನಿಗೆ ಗೆದ್ದೆ ಎನ್ನಿಸಬೇಕಾಗಿತ್ತು. ಬದಲಿಗೆ ಆ ಮುದುಕಿಯ ಮೇಲೆ ತಡೆಯಲಾಗದ ತಾತ್ಸಾರ ಬಂತು. ಕೈಯಲ್ಲಿದ್ದದ್ದನ್ನು ಹೀಗೆ ಬಿಟ್ಟುಕೊಡುವವರಿಗೆ ಏನಾದರೂ ಯಾಕಿರಬೇಕು? ಒಂದು ಮಾತು ಜಗಳವಾಡಲಿಲ್ಲ. ಹಾಳೆಗಳನ್ನು ಕವರಿಗೆ ಹಾಕುತ್ತಾ ಅವನು ಹೊರಟು ನಿಂತಾಗ ಅವಳು, ನೆಲ ನೋಡುತ್ತಾ, ತಾನಾಗಿ ಹೇಳಿದಳು.

"ಆವತ್ತು ನೀವು ಆ ಉಣ್ಸೆಮರದತ್ರ ನಿಂತ್ಕಂಡು ನೋಡ್ತಿದ್ರಲ್ಲ, ಅಸ್ಕಂಡಿದೀರೇನೋ ಅಂದ್ಕಂಡೆ. ಬನ್ನಿ ಅಂತ ಕರ್ಯಾಣ ಅಂದ್ರೆ ದೈರ್ಯ ಸಾಲ್ಲಿಲ್ಲ. ನಮ್ ಕೈದು ನೀವೆಲ್ಲಿ ಉಣ್ತೀರಾ ಅಂತ ಸುಮ್ನಾದೆ. ಆಮ್ಯಾಕೆ ಓಡೋದ್ರಿ. ವಸಿ ದಿನ ಮನಸ್ಸಿಗೆ ಬಾಳ ಕೆಟ್ಟದಾಗಿತ್ತು ಬುದ್ದಿ, ಅಸ್ದವ್ರನ್ನ ಅಂಗೇ ಕಳಿಸ್ಬುಟ್ನಲ್ಲ ಅಂತ."

ಅವಳು ನೋಡಿದ್ದಳು. ಮೂರು ವರ್ಷದಿಂದ ಅವಳಿಗೆ ಗೊತ್ತಿತ್ತು. ಆದರೆ ಗೊತ್ತಿದ್ದದ್ದು ಇದಲ್ಲ, ಬೇರೆಯೇ. ಅವನು ಕದ್ದು ಓಡಿದ ಹೊತ್ತಿನ ಬಗ್ಗೆ ಅವಳು, ತಾನು ಬಡಿಸಲಿಲ್ಲ ಎಂದು ಕೊರಗಿದ್ದಳು. ರೇಣುಕಾಪ್ರಸಾದನಿಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಕಾಲು ಕಾರಿನ ಕಡೆ ಹೊರಟದ್ದು ನಿಂತಿತು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ ಎಂಬುದು, ಬರೀ ಅದೊಂದೇ, ಅವನಿಗೆ ಆಗ ಸ್ಪಷ್ಟವಾಗಿ ತಿಳಿಯಿತು.

"ಈಗ ಇದೆಯಾ?" ಎಂದ.

"ಐತೆ. ಸೊಪ್ಪಿನ ಸಾರೇಯ."

ಅವನು ಮುಂದಿನ ಚಪ್ಪರದಿಂದ ಕಾಣದ ಹಾಗೆ ಗೋಡೆಯ ಮರೆಗೆ ಸರಿದು ಕಲ್ಲಿನ ಮೇಲೆ ಕೂತ. ಅವಳು ತಟ್ಟೆಯನ್ನು ಮೂರು ಸಲ ತೊಳೆದು ಮುದ್ದೆ ಇಟ್ಟು ಸಾರು ಬಿಟ್ಟಳು. ಬಿಸಿಯಿತ್ತು. ಮುರಿದು, ಸಾರಿನಲ್ಲಿ ಅದ್ದಿ, ನುಂಗಿದ. ನುಂಗುವ ಮುನ್ನ ನಾಲಿಗೆ ತನ್ನಷ್ಟಕ್ಕೆ ತಾನೇ ಗಂಟು ಹುಡುಕಿತು. ಇರಲಿಲ್ಲ. ಎರಡನೇ ತುತ್ತಿನಲ್ಲೂ ಇರಲಿಲ್ಲ. ಮುದ್ದೆಯನ್ನು ಬೆರಳಲ್ಲಿ ಬಿಡಿಸಿ ನೋಡಿದ, ನಡುವಿನವರೆಗೂ ಒಂದೇ ನುಣುಪು. ನಲವತ್ತು ಜನಕ್ಕೆ ಒಂಟಿಗೈಯಲ್ಲಿ ಮಾಡಿದ ಮುದ್ದೆ. ಊಟ ಮಾಡುತ್ತಿದ್ದೇನೆಂಬುದು ಮರೆತು ಹೋಗಿ ಹೊಟ್ಟೆಯಲ್ಲಿ ಹಳೆಯ ಕಿಚ್ಚು ಎದ್ದಿತು.

"ನನ್ನ ಮಿಷಿನ್ನಿನಲ್ಲಿ ಗಂಟು ಬರುತ್ತಲ್ಲ. ನಿನಗ್ಯಾಕೆ ಬರಲ್ಲ?"

"ನಿಮ್ ಮಿಸಿನ್ನು ಒಂದೇ ಕಡೀಕ್ ಸುತ್ತದೆ. ಕೋಲು ನಿಂತೇ ಇರ್ತದಲ್ಲ, ಅದ್ರ ಬೆನ್ನಿಂದೆ ಅಸೀ ಇಟ್ಟು ಅವಿತ್ಕಂಬುಡ್ತದೆ. ನಾನು ಮೂರು ಸುತ್ತು ಮುಂದ್ಕೆ ಓದ್ರೆ ಒಂದು ಸುತ್ತು ಇಂದಕ್ಕೆ ಬತ್ತೀನಿ. ಅವಿತಿದ್ದದ್ದು ಈಚೆಗ್ ಬತ್ತದೆ."

ಮೂರು ಸುತ್ತು ನೋಡಿ ಅವನು ಓಡಿದ್ದ. ನಾಲ್ಕನೆಯದಕ್ಕೆ ನಿಂತಿರಲಿಲ್ಲ.

"ಮೂರು ವರ್ಷ ಆಯ್ತು. ಹೇಳಬಾರದಿತ್ತಾ?"

"ನೀವು ಕೇಳ್ಲಿಲ್ವಲ್ಲ ಬುದ್ದಿ."

ಜೇಬಿನಲ್ಲಿ ಫೋನು ಬಡಿದುಕೊಂಡಿತು. ಶರತ್. ಎಡಗೈಯಿಂದ ತೆಗೆದು ಕಿವಿಗೆ ಒತ್ತಿಕೊಂಡ. ಸೈನ್ ಆಯ್ತಾ ಸಾರ್ ಎಂದು ಶರತ್ ಕೇಳಿದ. ಆಯ್ತು ಎಂದ. ಏನಾದ್ರೂ ಕೇಳಿದ್ಲಾ, ತಕರಾರು ಏನಾದ್ರೂ? ಏನೂ ಇಲ್ಲ ಎಂದ ರೇಣುಕಾಪ್ರಸಾದ. ಅಲ್ಲಿಗೆ ನಿಲ್ಲಿಸಬಹುದಿತ್ತು. ತಟ್ಟೆಯಲ್ಲಿ ಅರ್ಧ ಮುದ್ದೆ ಇತ್ತು, ಎದುರಿಗೆ ಅವಳು ಸಾರಿನ ಸೌಟು ಹಿಡಿದು ನಿಂತಿದ್ದಳು, ಮಧ್ಯಾಹ್ನದ ಗಾಳಿಯಲ್ಲಿ ಬೇಯುವ ಹೊಗೆಸೊಪ್ಪಿನ ಸಿಹಿ ವಾಸನೆ ಇತ್ತು. ಇದು ಅವಳದು ಎಂದು ಹೇಳಿಬಿಡುವ ಅವಕಾಶವೊಂದು ಇಷ್ಟು ಹೊತ್ತೂ ಅವನ ಪಕ್ಕದಲ್ಲೇ ಕಲ್ಲಿನ ಮೇಲೆ ಕೂತಿತ್ತು. ಅವನಿಗೆ ಅದು ಕಾಣದೇ ಇರಲಿಲ್ಲ.

"ಶರತ್, ಇನ್ನೊಂದು ವಿಷಯ. ಪಾತ್ರೆ ಮೂರು ಸುತ್ತು ಮುಂದಕ್ಕೆ ಹೋಗಿ ಒಂದು ಸುತ್ತು ಹಿಂದಕ್ಕೆ ಬರೋ ಹಾಗೆ ಮಾಡಿದ್ರೆ, ಅದಕ್ಕೆ ಬೇರೆ ಅರ್ಜಿ ಹಾಕಬಹುದಾ?"

"ಹಾಕಬಹುದು ಸಾರ್. ಆದ್ರೆ ಅವರು ಬಿಡ್ತಾರಾ, ಇದೂ ಅಬ್ವಿಯಸ್ ಅಂತಾರೆ."

"ಅಬ್ವಿಯಸ್ ಆಗಿದ್ರೆ ಮೂರು ವರ್ಷ ನನಗೆ ಯಾಕ್ರೀ ಹೊಳೀಲಿಲ್ಲ?"

"ಇದು ಒಳ್ಳೆ ಪಾಯಿಂಟು ಸಾರ್, ಇದನ್ನೇ ಬರೀತೀನಿ" ಎಂದು ಶರತ್ ಆ ಕಡೆ ಏನೋ ಗುರುತು ಹಾಕಿಕೊಂಡ. "ಅರ್ಜಿಗೆ ದಿನಾಂಕ ಬೇಕಾಗುತ್ತೆ. ನಿಮಗೆ ಯಾವಾಗ ಹೊಳೀತು?"

ಚಿಕ್ಕಮಾದಮ್ಮ ಅವನ ತಟ್ಟೆ ನೋಡುತ್ತಿದ್ದಳು.

"ಈಗಲೇ" ಎಂದ ರೇಣುಕಾಪ್ರಸಾದ. "ಊಟ ಮಾಡ್ತಾ ಇದ್ದೆ, ಹೊಳೀತು."

"ಸಾರು ಬಿಡ್ಲಾ ಬುದ್ದಿ?" ಎಂದಳು ಅವಳು. ಅವನು ಫೋನನ್ನು ಕಿವಿಯಿಂದ ತೆಗೆಯದೆ ತಟ್ಟೆಯನ್ನು ಮುಂದಕ್ಕೆ ಹಿಡಿದ.